ಮರ್ರೆ ನದಿ ದಂಡೆಯಲ್ಲಿ ಟೆಂಟ್, ಕ್ಯಾರವಾನ್‌ಗೆ ಜಾಗ ಹುಡುಕುವುದು

ಮೆಲ್ಬರ್ನ್‌ನಿಂದ ಉತ್ತರಕ್ಕೆ ಎರಡೂವರೆ-ಮೂರು ಗಂಟೆ ಕಾರು ಓಡಿಸಿದರೆ ಇಚೂಕಾದಲ್ಲಿ ಮರ್ರೆ ನದಿ ಸಿಗುತ್ತದೆ. ಅಲ್ಲಿಂದ ನದಿ ಹರಿದು ಬರುವ ಕಡೆಗೆ ಕೊಬ್ರಮ್, ಯಾರವಾಂಗ. ಹರಿದು ಹೋಗುವ ಕಡೆಗೆ ಸ್ವಾನ್ ಹಿಲ್, ಮಿಲ್ಡ್ಯೂರ. ದಂಡೆಯುದ್ದಕ್ಕೂ ತಂಗಲು ಜಾಗಗಳಿವೆ. ಫೋಟೊ ನೋಡಿ ಜಾಗ ಆರಿಸುವ ಮುಂಚೆ ಆ ನೆಲ ಯಾರ ಸುಪರ್ದಿಯಲ್ಲಿದೆ ಎಂದು ತಿಳಿದುಕೊಳ್ಳಿ. ಬುಕಿಂಗ್, ಬೆಂಕಿ, ನಾಯಿ, ಶೌಚಾಲಯ, ಎಲ್ಲವೂ ಅದರ ಮೇಲೆ ನಿಂತಿವೆ.

ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ) ನಿಲ್ಲಿಸಲು ಊರಿನೊಳಗಿರುವ ಕ್ಯಾರವಾನ್ ಪಾರ್ಕ್‌ಗಳು ಖಾಸಗಿಯವರವು ಅಥವಾ ಕೌನ್ಸಿಲ್‌ನವು, ಅಂದರೆ ಅಲ್ಲಿನ ಸ್ಥಳೀಯ ಆಡಳಿತದವು. ಕರೆಂಟ್, ಬಿಸಿನೀರು, ವಾಷಿಂಗ್ ಮಷೀನ್, ಅಡುಗೆಕಟ್ಟೆ ಸಿಗುತ್ತವೆ. ಊರಾಚೆಯ ಕಾಡು ಮತ್ತು ನದಿದಂಡೆ ಬಹುಪಾಲು ಸರ್ಕಾರದ್ದು. ನದಿಯ ದಕ್ಷಿಣಕ್ಕೆ ವಿಕ್ಟೋರಿಯಾ ರಾಜ್ಯ, ಉತ್ತರಕ್ಕೆ ನ್ಯೂ ಸೌತ್ ವೇಲ್ಸ್. ವಿಕ್ಟೋರಿಯಾ ಬದಿಯ ಬಹಳಷ್ಟು ಜಾಗವನ್ನು ಪಾರ್ಕ್ಸ್ ವಿಕ್ಟೋರಿಯಾ ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ, ಎದುರು ದಂಡೆಯ ರಾಷ್ಟ್ರೀಯ ಉದ್ಯಾನಗಳನ್ನು ನ್ಯೂ ಸೌತ್ ವೇಲ್ಸ್ ಇಲಾಖೆ. ಇವೆರಡರ ವೆಬ್‌ಸೈಟ್‌ಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ರಾಷ್ಟ್ರೀಯ ಉದ್ಯಾನಕ್ಕೆ ಸಾಮಾನ್ಯವಾಗಿ ನಾಯಿ ಒಯ್ಯುವಂತಿಲ್ಲ. ಇನ್ನೊಂದು ಸಂಗತಿ: ಈ ಎರಡು ರಾಜ್ಯಗಳ ಗಡಿ ಇರುವುದು ನದಿಯ ನಡುವೆ ಅಲ್ಲ, ದಕ್ಷಿಣ ದಂಡೆಯ ಮೇಲೆ. ಹಾಗಾಗಿ ವಿಕ್ಟೋರಿಯಾ ಬದಿಯಲ್ಲಿ ಕೂತು ಗಾಳ ಹಾಕಿದರೂ ನ್ಯೂ ಸೌತ್ ವೇಲ್ಸ್‌ನ ಲೈಸೆನ್ಸ್ ಬೇಕು.

ವಿಕಿಕ್ಯಾಂಪ್ಸ್‌ನಂಥ ಆ್ಯಪ್‌ನಲ್ಲಿ ನಕ್ಷೆ ತೆರೆದು, ನಿಮಗೆ ಬೇಕೇಬೇಕಾದ ಎರಡು ಸೌಲಭ್ಯಗಳನ್ನಷ್ಟೇ ಫಿಲ್ಟರ್‌ನಲ್ಲಿ ಹಾಕಿ. ಹತ್ತು ಹಾಕಿದರೆ ಒಳ್ಳೆಯ ಜಾಗಗಳೇ ಮರೆಯಾಗುತ್ತವೆ. ನಕ್ಷತ್ರ ಎಣಿಸುವುದಕ್ಕಿಂತ ಕಳೆದ ಎರಡು-ಮೂರು ತಿಂಗಳ ಅಭಿಪ್ರಾಯಗಳನ್ನು ಓದಿ. 2022ರ ಅಕ್ಟೋಬರ್‌ನಲ್ಲಿ ಬಂದಂಥ ನೆರೆ ದಂಡೆಯ ರೂಪವನ್ನೇ ಬದಲಿಸುತ್ತದೆ. ಹಳೆಯ ಫೋಟೊದಲ್ಲಿ ಕಾಣುವ ಮರಳು ಈಗ ಅಲ್ಲಿರಲಾರದು. ಕಾಡಿನೊಳಗೆ ಸಿಗ್ನಲ್ ಸಿಗದಿರಬಹುದು, ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಕ್ಯಾರವಾನ್ ಪಾರ್ಕ್‌ಗೆ ಫೋನ್ ಮಾಡಿದಾಗ ಕ್ಯಾರವಾನ್‌ನ ಪೂರ್ತಿ ಉದ್ದ ಹೇಳಿ. ಕಾರಿಗೆ ಜೋಡಿಸುವ ಮೂತಿಯೂ ಆ ಲೆಕ್ಕಕ್ಕೆ ಸೇರುತ್ತದೆ, ಬಹಳ ಜನ ತಪ್ಪುವುದು ಇಲ್ಲೇ. ಹಿಂದಕ್ಕೆ ತೆಗೆಯುವುದು ಕಷ್ಟವಾದರೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಬರುವ ಜಾಗವನ್ನೇ ಕೇಳಿ. ಟಾಯ್ಲೆಟ್ ಡಬ್ಬಿ ಖಾಲಿ ಮಾಡುವ ಡಂಪ್ ಪಾಯಿಂಟ್ ಒಳಗಿದೆಯೇ, ಊರಲ್ಲಿದೆಯೇ ಎಂದೂ ವಿಚಾರಿಸಿ. ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೆ, ಈಸ್ಟರ್, ನವೆಂಬರ್‌ನ ಮೆಲ್ಬರ್ನ್ ಕಪ್ ರಜೆಗಳಲ್ಲಿ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡದಿದ್ದರೆ ಜಾಗ ಸಿಗುವುದು ಕಷ್ಟ.

ಕ್ಯಾರವಾನ್‌ನ ಪ್ಲಗ್ 15 ಆಂಪಿಯರ್‌ನದು. ಅದರ ಅರ್ತ್ ಪಿನ್ ಅಗಲ, ಮನೆಯ 10 ಆಂಪಿಯರ್ ಸಾಕೆಟ್‌ಗೆ ಹೋಗುವುದಿಲ್ಲ. ಪಿನ್ ಉಜ್ಜಿ ಸಣ್ಣ ಮಾಡುವ ಕೆಲಸಕ್ಕೆ ಖಂಡಿತ ಕೈಹಾಕಬೇಡಿ. 230 ವೋಲ್ಟ್‌ನಲ್ಲಿ 15 ಆಂಪಿಯರ್ ಎಂದರೆ ಸುಮಾರು 3,450 ವ್ಯಾಟ್. 2,400 ವ್ಯಾಟ್‌ನ ಕೆಟಲ್ ಜೊತೆ ಎ.ಸಿ.ಯೂ ಇಂಡಕ್ಷನ್ ಒಲೆಯೂ ಓಡಿದರೆ ಟ್ರಿಪ್ ಆಗಿಯೇ ಆಗುತ್ತದೆ. ಕೇಬಲ್ ಉದ್ದ ಹೆಚ್ಚಾಯಿತೆಂದು ಸುರುಳಿಯಲ್ಲೇ ಬಿಡಬೇಡಿ. ಸುತ್ತಿಟ್ಟ ಕೇಬಲ್‌ನ ಬಿಸಿ ಹೊರಹೋಗದೆ ಒಳಗಿನ ಹೊದಿಕೆ ಕರಗುತ್ತದೆ. ಪೂರ್ತಿ ಬಿಚ್ಚಿ ಹರಡಿ.

ಸಸ್ಯಾಹಾರಿಗಳಿಗೆ ಒಂದು ಮಾತು: ಅಡುಗೆಕಟ್ಟೆಯ ಬಾರ್ಬೆಕ್ಯೂ ತಟ್ಟೆಯಲ್ಲಿ ಮಾಂಸದ ಜಿಡ್ಡು ಇದ್ದೇ ಇರುತ್ತದೆ. ನಿಮ್ಮದೇ ಕಾವಲಿ, ಸಣ್ಣ ಗ್ಯಾಸ್ ಒಲೆ ಒಯ್ದರೆ ದೋಸೆಗೆ ತೊಂದರೆಯಿಲ್ಲ.

ನದಿದಂಡೆಯಲ್ಲಿ ಟೆಂಟ್ ಹೊಡೆಯುವ ಮುನ್ನ ತಲೆಯೆತ್ತಿ ನೋಡಿ. ಇಲ್ಲಿನ ರಿವರ್ ರೆಡ್ ಗಮ್ (ಒಂದು ಜಾತಿಯ ನೀಲಗಿರಿ) ಮರಗಳು ಗಾಳಿಯಿಲ್ಲದ ಬಿಸಿಲು ಮಧ್ಯಾಹ್ನದಲ್ಲೂ, ಯಾವ ಸೂಚನೆಯೂ ಇಲ್ಲದೆ, ಹಸಿ ಕೊಂಬೆಯನ್ನೇ ಕಳಚಿ ಹಾಕುತ್ತವೆ. ಜನ ಸತ್ತದ್ದೂ ಇದೆ. ನೆರಳಿನ ಆಸೆಗೆ ಬೀಳದೆ ಕೊಂಬೆಗಳ ಹರವಿನಿಂದ ಹೊರಗೆ ನಿಲ್ಲಿ. ಬುಡದಲ್ಲಿ ಹೊಸದಾಗಿ ಮುರಿದ ತುಂಡುಗಳಿದ್ದರೆ ಆ ಜಾಗವೇ ಬೇಡ. ನೀರಿನ ಅಂಚಿನಿಂದಲೂ ಕನಿಷ್ಠ 20 ಮೀಟರ್ ದೂರವಿರಿ. ನೀರಿನೊಳಗೆ ಮುಳುಗಿದ ದಿಮ್ಮಿಗಳು ಕಲಕು ನೀರಿನಲ್ಲಿ ಕಾಣುವುದಿಲ್ಲ, ಮಕ್ಕಳು ದಂಡೆಯಿಂದ ಜಿಗಿಯದಂತೆ ನೋಡಿಕೊಳ್ಳಿ.

ಮಳೆ ಮುನ್ಸೂಚನೆ ಇದ್ದರೆ ಕಾಡಿನ ಹಾದಿಗೆ ಕ್ಯಾರವಾನ್ ಇಳಿಸಬೇಡಿ. ಇದು ಜಿಗುಟು ಜೇಡಿ. ನಮ್ಮ ಎರೆಹೊಲದಲ್ಲಿ ಮಳೆಯಾದ ಮೇಲೆ ಎತ್ತಿನ ಬಂಡಿಯ ಗತಿ ಏನಾಗುತ್ತದೋ ಇಲ್ಲಿಯೂ ಅದೇ.

ಬೆಂಕಿಗೆ ವಿಕ್ಟೋರಿಯಾದಲ್ಲಿ ಕಟ್ಟಿದ ಒಲೆ ಬೇಕು, ಇಲ್ಲದಿದ್ದರೆ 30 ಸೆಂ.ಮೀ. ಆಳದ ಗುಂಡಿ. ಸುತ್ತ 3 ಮೀಟರ್ ಬರಿನೆಲವಿರಬೇಕು. ಟೋಟಲ್ ಫೈರ್ ಬ್ಯಾನ್ (ಕಾಳ್ಗಿಚ್ಚಿನ ಭಯವಿರುವಾಗ ಬಯಲ ಬೆಂಕಿಗೆ ಹಾಕುವ ನಿಷೇಧ) ಘೋಷಿಸಿದ ದಿನ ಕಟ್ಟಿಗೆ ಹಚ್ಚುವಂತೆಯೇ ಇಲ್ಲ. ಆರಿಸಲು ನೀರೇ ಸುರಿಯಿರಿ. ಮಣ್ಣು ಮುಚ್ಚಿದರೆ ಕೆಂಡ ಗಂಟೆಗಟ್ಟಲೆ ಬಿಸಿಯಿದ್ದು ಬರಿಗಾಲಿನ ಮಕ್ಕಳನ್ನು ಸುಡುತ್ತದೆ.

ಮಿಲ್ಡ್ಯೂರದಿಂದ ಮುಂದೆ ರೆನ್‌ಮಾರ್ಕ್‌ಗೆ ಹೋಗುವವರನ್ನು ಯಾಂಬದ ತಪಾಸಣಾ ಠಾಣೆಯಲ್ಲಿ ನಿಲ್ಲಿಸುತ್ತಾರೆ. ಹಣ್ಣುನೊಣದ ಭಯದಿಂದ ಹಣ್ಣು ಮಾತ್ರವಲ್ಲ, ಟೊಮೇಟೊ, ಹಸಿಮೆಣಸಿನಕಾಯಿಯನ್ನೂ ದಕ್ಷಿಣ ಆಸ್ಟ್ರೇಲಿಯಾದೊಳಗೆ ಬಿಡುವುದಿಲ್ಲ. ಉಳಿದಿದ್ದನ್ನು ಹಿಂದಿನ ರಾತ್ರಿಯೇ ಗೊಜ್ಜು ಮಾಡಿ ಮುಗಿಸಿ.