ಮಕ್ಕಳು, ಅಜ್ಜ-ಅಜ್ಜಿ ಜೊತೆ ಕ್ರೂಸ್: ಹೊಸ ಹಡಗನ್ನೂ ಅದರ ದಾರಿಯನ್ನೂ ಅಳೆದು ನೋಡುವ ಬಗೆ

ಹೊಸ ಕ್ರೂಸ್ ಹಡಗಿನ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ನೀರಿನ ಜಾರುಬಂಡಿ. ಮನೆಮಂದಿಯೆಲ್ಲ ಹೊರಡುವಾಗ ಅದು ಪಟ್ಟಿಯ ಕೊನೆಗಿರಲಿ. ಪಟ್ಟಿ ಶುರುವಾಗಬೇಕಾದ್ದು ಮನೆಯ ಅತಿ ಚಿಕ್ಕವರಿಂದ ಮತ್ತು ಅತಿ ಹಿರಿಯರಿಂದ. ಇವರಿಬ್ಬರಿಗೂ ಹೊಂದುವ ಹಡಗು ನಡುವಿನವರಿಗೆ ಹೇಗೂ ಹೊಂದುತ್ತದೆ. ಉಲ್ಟಾ ಆರಿಸಿದರೆ ಅಪ್ಪನೋ ಅಮ್ಮನೋ ರಜೆಯ ಅರ್ಧವನ್ನು ಕ್ಯಾಬಿನ್ನಿನಲ್ಲೇ ಕಳೆಯಬೇಕಾಗುತ್ತದೆ.

ಒಂದು ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಎದುರಿಗೆ ವಯಸ್ಸು ಹಾಕಿ. ಬುಕಿಂಗ್ ಮಾಡುವ ದಿನದ ವಯಸ್ಸಲ್ಲ, ಹಡಗು ಹೊರಡುವ ದಿನದ್ದು. ರಾಯಲ್ ಕೆರಿಬಿಯನ್, ಡಿಸ್ನಿ ಎಂಬ ಎರಡು ಕ್ರೂಸ್ ಕಂಪನಿಗಳಲ್ಲೂ ಸಾಮಾನ್ಯ ಯಾನಕ್ಕೆ ಮಗುವಿಗೆ 6 ತಿಂಗಳು ತುಂಬಿರಬೇಕು. ಅಟ್ಲಾಂಟಿಕ್ ದಾಟುವಂಥ ಯಾನಗಳಿಗೆ 12 ತಿಂಗಳು. ಹಡಗಿನ ಚಿಕಿತ್ಸಾಲಯದಲ್ಲಿ ಹಸುಳೆಗಳಿಗೆ ಬೇಕಾದ ತೀವ್ರ ನಿಗಾ ವ್ಯವಸ್ಥೆ ಇರುವುದಿಲ್ಲ, ನಡುಗಡಲಿನಿಂದ ಆಸ್ಪತ್ರೆ ದಿನಗಟ್ಟಲೆ ದೂರ. ಬಸುರಿಯರಿಗೂ ಮಿತಿಯಿದೆ: ಯಾನ ಮುಗಿಯುವುದರೊಳಗೆ 24ನೇ ವಾರ ಬರುವಂತಿದ್ದರೆ ಹತ್ತಿಸಿಕೊಳ್ಳುವುದಿಲ್ಲ.

ಅದರ ನಂತರದ ಮುಖ್ಯ ವಯಸ್ಸು ಮೂರು. ಬಹುತೇಕ ಹಡಗುಗಳಲ್ಲಿ ಉಚಿತ ಮಕ್ಕಳ ಕ್ಲಬ್ ಶುರುವಾಗುವುದು 3 ವರ್ಷಕ್ಕೆ, ಅದೂ ಮಗು ಡೈಪರ್ ಬಿಟ್ಟಿದ್ದರೆ ಮಾತ್ರ. ಅದಕ್ಕಿಂತ ಚಿಕ್ಕವರಿಗೆ ನರ್ಸರಿ ಇದ್ದರೂ ಗಂಟೆಗಿಷ್ಟು ಎಂದು ದುಡ್ಡು ಕೊಡಬೇಕು, ಜಾಗವೂ ಕಡಿಮೆ. ಆನ್‌ಲೈನಿನಲ್ಲಿ ಕಾಯ್ದಿರಿಸಲು ಬಿಟ್ಟ ದಿನವೇ ಕಾಯ್ದಿರಿಸಿ. ಈಜುಕೊಳದ ನಿಯಮ ಇನ್ನೂ ಬಿಗಿ. ಡೈಪರ್ ಹಾಕುವ ಮಗುವನ್ನು ದೊಡ್ಡ ಕೊಳಕ್ಕೆ ಇಳಿಸುವಂತಿಲ್ಲ, ಈಜು ಡೈಪರ್ ಹಾಕಿದ್ದರೂ ಇಲ್ಲ. ಕೊಳದಲ್ಲಿ ಮಲ ಸೇರಿದರೆ ಅದನ್ನು ಮುಚ್ಚಿ ಶುದ್ಧಗೊಳಿಸಬೇಕು, ಇಡೀ ಹಡಗಿಗೆ ಹೊಟ್ಟೆ ಕೆಡುವ ಅಪಾಯವೂ ಉಂಟು. ಆದ್ದರಿಂದ ಎರಡು ವರ್ಷದ ಮಗುವಿದ್ದರೆ, ಡೈಪರ್ ಮಕ್ಕಳಿಗೆಂದೇ ಮಾಡಿದ ಕಾರಂಜಿ ಜಾಗ ಇದೆಯೇ, ಅದಕ್ಕೆ ನೆರಳಿದೆಯೇ ಎಂದು ಡೆಕ್ ನಕ್ಷೆಯಲ್ಲಿ ನೋಡಿ. 2024ರ ಜನವರಿಯಲ್ಲಿ ಮಯಾಮಿಯಿಂದ ಯಾನ ಶುರುಮಾಡಿದ ರಾಯಲ್ ಕೆರಿಬಿಯನ್ ಹಡಗು ಐಕಾನ್ ಆಫ್ ದ ಸೀಸ್‌ನಲ್ಲಿ ಸರ್ಫ್‌ಸೈಡ್ ಎಂಬ ಒಂದು ಇಡೀ ಭಾಗವನ್ನೇ ಪುಟ್ಟ ಮಕ್ಕಳಿರುವ ಮನೆಯವರಿಗೆ ಮೀಸಲಿಟ್ಟಿದ್ದಾರೆ. ಮಕ್ಕಳ ಆಟ, ದೊಡ್ಡವರು ಕೂರುವ ಜಾಗ, ಊಟ ಎಲ್ಲ ಅಲ್ಲೇ ಅಕ್ಕಪಕ್ಕ. ಹೊಸ ಹಡಗುಗಳು ಅನುಕರಿಸಬೇಕಾದ್ದು ಇದನ್ನು. ಕೊಳ ಮೇಲಿನ ಡೆಕ್ಕಿನಲ್ಲಿ, ಬಫೆ ಹಡಗಿನ ಹಿಂಭಾಗದಲ್ಲಿ, ಶೌಚಾಲಯ ಒಂದು ಮಹಡಿ ಕೆಳಗೆ ಎಂದಾದರೆ ಒದ್ದೆ ಮಗುವನ್ನು ಎತ್ತಿಕೊಂಡು ಲಿಫ್ಟಿಗೆ ಕಾಯುವುದರಲ್ಲೇ ದಿನ ಕಳೆಯುತ್ತದೆ. ಕೆಲವು ಹಡಗುಗಳ ಕೊಳಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ ಎಂಬುದೂ ನೆನಪಿರಲಿ.

ಕ್ಯಾಬಿನ್ ಎಂಬ ಇಕ್ಕಟ್ಟು

ನಾಲ್ವರ ಕ್ಯಾಬಿನ್ ಎಂದರೆ ಸಾಮಾನ್ಯವಾಗಿ ಒಂದು ಜೋಡಿ ಮಂಚ, ಮಂಚವಾಗುವ ಒಂದು ಸೋಫಾ, ಗೋಡೆಯಿಂದಲೋ ಸೂರಿನಿಂದಲೋ ಇಳಿಯುವ ಒಂದು ಮೇಲ್ಮಂಚ. ರಾತ್ರಿ ಎಲ್ಲವನ್ನೂ ಬಿಡಿಸಿದ ಮೇಲೆ ನಡೆಯಲು ಜಾಗ ಉಳಿಯುವುದಿಲ್ಲ. ತೊಟ್ಟಿಲು ಬೇಕಿದ್ದರೆ ಉಚಿತವಾಗಿ ಕೊಡುತ್ತಾರೆ, ಆದರೆ ಅದನ್ನು ಎಲ್ಲಿಡುವುದು ಎಂದು ನಕ್ಷೆ ನೋಡಿಯೇ ತೀರ್ಮಾನಿಸಿ. ಮನೆಯವರ ಹಡಗಿನಲ್ಲಿ ಇರಲೇಬೇಕಾದ ಒಂದು ಅನುಕೂಲವನ್ನು ಡಿಸ್ನಿ 1998ರ ತನ್ನ ಮೊದಲ ಹಡಗು ಮ್ಯಾಜಿಕ್‌ನಿಂದಲೇ ಬಹುತೇಕ ಕ್ಯಾಬಿನ್‌ಗಳಲ್ಲಿ ಕೊಟ್ಟಿದೆ: ಸ್ನಾನದ ಕೋಣೆ ಬೇರೆ, ಶೌಚದ ಕೋಣೆ ಬೇರೆ, ಎರಡರಲ್ಲೂ ಕೈತೊಳೆಯುವ ಸಿಂಕ್. ಬೆಳಿಗ್ಗೆ ಬಂದರಿನಲ್ಲಿ ಇಳಿಯುವ ಅವಸರದಲ್ಲಿ ಇದರ ಬೆಲೆ ತಿಳಿಯುತ್ತದೆ.

ಬುಕಿಂಗಿನಲ್ಲಿ ಹಲವರನ್ನು ಗೊಂದಲಕ್ಕೆ ಬೀಳಿಸುವ ಸಂಗತಿಯೊಂದಿದೆ. ನಾಲ್ಕು ಮಂಚದ ಕ್ಯಾಬಿನ್ ಖಾಲಿ ಇದ್ದರೂ ನಾಲ್ವರಿಗೆ ಕೊಡಲಾಗದು ಎನ್ನುತ್ತಾರೆ. ಪ್ರತಿ ಕ್ಯಾಬಿನ್ನಿಗೂ ಅಪಾಯದ ಸಮಯದಲ್ಲಿ ಸೇರಬೇಕಾದ ಜಾಗ ಮತ್ತು ಜೀವರಕ್ಷಕ ದೋಣಿ ಗೊತ್ತುಮಾಡಿರುತ್ತಾರೆ, ಆ ದೋಣಿಯ ಲೆಕ್ಕ ತುಂಬಿದ್ದರೆ ಮೂರನೆಯ, ನಾಲ್ಕನೆಯ ಮಂಚ ಮಾರುವಂತಿಲ್ಲ. ಅದೇ ದರ್ಜೆಯ ಕ್ಯಾಬಿನ್ನನ್ನು ಹಡಗಿನ ಬೇರೆ ಭಾಗದಲ್ಲಿ ಹುಡುಕಿ ಕೇಳಿ, ಸಿಗಬಹುದು. ಅಜ್ಜ-ಅಜ್ಜಿ ಇದ್ದರೆ ಒಳಬಾಗಿಲಿನಿಂದ ಕೂಡಿದ ಎರಡು ಕ್ಯಾಬಿನ್ ತೆಗೆದುಕೊಳ್ಳಿ. ಇಂಥವು ಹಡಗಿನಲ್ಲಿ ಕಡಿಮೆ, ಶಾಲಾ ರಜೆಯ ಯಾನಗಳಲ್ಲಿ ಮೊದಲು ಮುಗಿಯುವುದೂ ಇವೇ. ಕ್ಯಾಬಿನ್ ಸಂಖ್ಯೆಯನ್ನು ಕಂಪನಿಯೇ ಆಮೇಲೆ ಕೊಡುವ ಅಗ್ಗದ ದರವಿದೆಯಲ್ಲ, ಎರಡು ಕ್ಯಾಬಿನ್ ಬೇಕಾದವರು ಅದರ ಹತ್ತಿರ ಹೋಗಬಾರದು. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಬಿದ್ದರೆ ಕೇಳುವಂತಿಲ್ಲ.

ತಲೆಸುತ್ತು ಬರುವವರಿಗೆ ಹಡಗಿನ ನಟ್ಟನಡುವೆ, ಕೆಳಗಿನ ಡೆಕ್ಕಿನಲ್ಲಿ, ಕಿಟಕಿಯಿರುವ ಕ್ಯಾಬಿನ್ ಒಳ್ಳೆಯದು. ನೀರಿನೊಳಗೆ ಹಡಗಿನ ಬದಿಗಿರುವ ರೆಕ್ಕೆಗಳು (ಸ್ಟೆಬಿಲೈಸರ್) ಎಡಬಲದ ಓಲಾಟವನ್ನು ತಗ್ಗಿಸುತ್ತವೆ, ಆದರೆ ಮೂತಿ ಏಳುವ-ಬೀಳುವ ಚಲನೆಯನ್ನು ಅಷ್ಟಾಗಿ ತಡೆಯಲಾರವು. ಹಾಗಾಗಿ ಮೂತಿಯ ಕಡೆಯ ಕ್ಯಾಬಿನ್ ಬೇಡ. ಮೇಲಿನ ಮತ್ತು ಕೆಳಗಿನ ಡೆಕ್ಕುಗಳ ನಕ್ಷೆಯನ್ನೂ ತೆರೆದು ನೋಡಿ. ತಲೆಯ ಮೇಲೆ ಕೊಳದ ಡೆಕ್ ಇದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು, ಕಾಲಡಿ ರಂಗಮಂದಿರವಿದ್ದರೆ ನಡುರಾತ್ರಿವರೆಗೆ ತಾಳದ ಸದ್ದು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಡೆಕ್ ಎಲ್ಲಕ್ಕಿಂತ ಶಾಂತ.

ನೂಕುನುಗ್ಗಲನ್ನು ಮೊದಲೇ ಲೆಕ್ಕ ಹಾಕಿ

ಹಡಗಿನ ಒಟ್ಟು ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಎಂಬ ಅಂದಾಜು ಸಿಗುತ್ತದೆ. ಈ ಟನ್ನೇಜ್ ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ. ಕಂಪನಿಗಳು ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಕೊಡುತ್ತವೆ. ಐಕಾನ್‌ಗೆ 2,48,663 ಟನ್, 5,610 ಜನ, ಅಂದರೆ ತಲೆಗೆ 44. ಆದರೆ ಶಾಲಾ ರಜೆಯಲ್ಲಿ ಮೂರನೆಯ, ನಾಲ್ಕನೆಯ ಮಂಚಗಳೆಲ್ಲ ಮಕ್ಕಳಿಂದ ತುಂಬಿರುತ್ತವೆ. ಆಗ ಗರಿಷ್ಠ ಸಂಖ್ಯೆ 7,600 ಹಿಡಿಯಬೇಕು, 33ಕ್ಕಿಂತ ಕೆಳಗೆ ಇಳಿಯುತ್ತದೆ. 2022ರ ಡಿಸ್ನಿ ವಿಶ್‌ಗೆ 1,44,000 ಟನ್, ಗರಿಷ್ಠ ಸುಮಾರು 4,000 ಜನ, ತಲೆಗೆ 36. ಸಿಂಗಪುರದ ಡಿಸ್ನಿ ಅಡ್ವೆಂಚರ್‌ಗೆ 2,08,000 ಟನ್, ಸುಮಾರು 6,700 ಪ್ರಯಾಣಿಕರು, ತಲೆಗೆ 31. ರಜೆಯ ಯಾನಕ್ಕೆ ಎರಡು ಹಡಗುಗಳನ್ನು ಹೋಲಿಸುವಾಗ ಯಾವಾಗಲೂ ಗರಿಷ್ಠ ಸಂಖ್ಯೆಯಿಂದಲೇ ಭಾಗಿಸಿ.

ಹೊಚ್ಚಹೊಸ ಹಡಗಿನ ಮೊದಲ ಯಾನಕ್ಕೆ ಬುಕ್ ಮಾಡುವವರು ತಾರೀಖು ಜಾರಬಹುದೆಂದು ತಿಳಿದೇ ಮಾಡಬೇಕು. ಡಿಸ್ನಿ ವಿಶ್‌ನ ಮೊದಲ ಯಾನ 2022ರ ಜೂನ್‌ನಿಂದ ಜುಲೈಗೆ ಹೋಯಿತು. ಅಡ್ವೆಂಚರ್‌ನದು 2025ರ ಡಿಸೆಂಬರ್‌ನಿಂದ 2026ರ ಮಾರ್ಚ್‌ಗೆ. ಹಡಗಿನ ದುಡ್ಡು ಕಂಪನಿ ಹಿಂದಿರುಗಿಸುತ್ತದೆ. ವಿಮಾನದ್ದು, ಹೋಟೆಲಿನದ್ದು ನಿಮ್ಮ ತಲೆಗೇ ಬರಬಹುದು. ಹೊರಡಲು ಶುರುವಾಗಿ ಮೂರು ತಿಂಗಳಾದರೂ ಆದ ಮೇಲಿನ ಯಾನ ಹಿಡಿಯುವುದು ಕ್ಷೇಮ.

ಊಟ, ಬಟ್ಟೆ, ಬಿಸಿನೀರು: ಈ ಮೂರನ್ನು ಬುಕಿಂಗಿಗೆ ಮೊದಲೇ ಕೇಳಿ. ದೊಡ್ಡ ಕಂಪನಿಗಳಲ್ಲಿ ಭಾರತೀಯ ಸಸ್ಯಾಹಾರ ಹೇಳಿದರೆ ಮಾಡಿಕೊಡುತ್ತಾರೆ. ಬುಕಿಂಗಿನಲ್ಲಿ ಬರೆಸಿ, ಮೊದಲ ರಾತ್ರಿ ಊಟದ ಮನೆಯ ಮುಖ್ಯ ಬಡಿಸುವವರನ್ನು ಕಂಡು ಮತ್ತೆ ಹೇಳಿ, ಮರುದಿನದಿಂದ ಬರುತ್ತದೆ. ಅನ್ನ ಮತ್ತು ಸಪ್ಪೆ ಮೊಸರು ಬಫೆಯಲ್ಲಿ ಸಾಮಾನ್ಯವಾಗಿ ಸಿಗುವುದರಿಂದ ಮೊಸರನ್ನಕ್ಕೆ ತೊಂದರೆಯಿಲ್ಲ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಒಯ್ದರೆ ಬೆಂಕಿಯ ಭಯದಿಂದ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಮಗುವಿನ ಆಹಾರಕ್ಕೆ ಒಳ್ಳೆಯ ಫ್ಲಾಸ್ಕ್ ಒಯ್ದು ಬಫೆಯಿಂದ ಬಿಸಿನೀರು ತುಂಬಿಸಿಕೊಳ್ಳಿ. ಮನೆಯಲ್ಲಿ ಮಾಡಿದ ಅಡುಗೆ ಒಳಗೆ ಬಿಡುವುದಿಲ್ಲ, ಅಂಗಡಿಯ ಸೀಲ್ ಇರುವ ಚಕ್ಕುಲಿ-ಕೋಡುಬಳೆ ಪ್ಯಾಕೆಟ್ ಸಾಗುತ್ತದೆ. ಬಟ್ಟೆ ಒಗೆದುಕೊಳ್ಳುವ ಯಂತ್ರ ಡಿಸ್ನಿ, ಕಾರ್ನಿವಲ್ ಹಡಗುಗಳಲ್ಲಿದೆ, ರಾಯಲ್ ಕೆರಿಬಿಯನ್‌ನಲ್ಲಿ ಇಲ್ಲ. ಏಳು ರಾತ್ರಿಯ ಯಾನಕ್ಕೆ ಪುಟ್ಟ ಮಕ್ಕಳೊಡನೆ ಹೋಗುವವರಿಗೆ ಇದು ಜಾರುಬಂಡಿಗಿಂತ ಮುಖ್ಯ.

ದಾರಿಯನ್ನು ಓದುವುದು

ಬಂದರುಗಳ ಪಟ್ಟಿಯಲ್ಲಿ ಊರಿನ ಹೆಸರಿದ್ದರೆ ಹಡಗು ನಿಜವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ರೋಮ್ ಎಂದರೆ 80 ಕಿ.ಮೀ. ದೂರದ ಚಿವಿಟಾವೆಕ್ಕಿಯಾ, ಫ್ಲಾರೆನ್ಸ್ ಎಂದರೆ ಲಿವೋರ್ನೊ, ಬ್ಯಾಂಕಾಕ್ ಎಂದರೆ ಸುಮಾರು ಎರಡು ಗಂಟೆ ದಾರಿಯ ಲೇಮ್ ಚಬಾಂಗ್, ಕ್ವಾಲಾಲಂಪುರ ಎಂದರೆ ಪೋರ್ಟ್ ಕ್ಲಾಂಗ್. ಬೆಳಿಗ್ಗೆ 8ರಿಂದ ಸಂಜೆ 5 ಎಂದು ಬರೆದಿದ್ದರೆ ಒಂಬತ್ತು ಗಂಟೆ ಸಿಗುವುದಿಲ್ಲ. ತಪಾಸಣೆ ಮುಗಿದು ಇಳಿಯಲು ಅರ್ಧದಿಂದ ಮುಕ್ಕಾಲು ಗಂಟೆ, ಹೊರಡುವ ಮುನ್ನ ಅರ್ಧದಿಂದ ಒಂದು ಗಂಟೆ ಮೊದಲೇ ಒಳಗಿರಬೇಕು. ಉಳಿದ ಏಳೂವರೆಯಲ್ಲಿ ರೋಮ್‌ಗೆ ಹೋಗಿ ಬರಲು ಮೂರು ಗಂಟೆ ಕಳೆಯಿರಿ. ಅಜ್ಜಿ ಮತ್ತು ಮೂರು ವರ್ಷದ ಮೊಮ್ಮಗಳು ಜೊತೆಗಿದ್ದರೆ, ಆ ದಿನ ಬಂದರಿನ ಊರಲ್ಲೇ ಸುತ್ತಾಡಿ ಬರುವುದು ವಿವೇಕ. ಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ; ಫೋನು ತಾನಾಗಿ ಊರಿನ ಸಮಯಕ್ಕೆ ಬದಲಾಗಿ ಹಡಗು ತಪ್ಪಿಸಿಕೊಂಡವರುಂಟು.

ಕೆಲವು ಕಡೆ ಹಡಗು ಕಟ್ಟೆಗೆ ಬರದೆ ದೂರದಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ಕರೆದೊಯ್ಯುತ್ತದೆ. ಗ್ರ್ಯಾಂಡ್ ಕೇಮನ್ ಹಾಗೆ, ಲಕ್ಷದ್ವೀಪವೂ ಹಾಗೆ. ಅಲೆ ಎದ್ದಿದ್ದರೆ ಗಾಲಿಕುರ್ಚಿಯವರನ್ನು ಇಳಿಸುವುದಿಲ್ಲ, ಇನ್ನೂ ಹೆಚ್ಚಾದರೆ ಆ ನಿಲುಗಡೆಯೇ ರದ್ದು.

ವೀಸಾ ವಿಷಯದಲ್ಲಿ ಎಚ್ಚರ ಬೇಕು. ವಿದೇಶಿ ಬಾವುಟದ, ಅಂದರೆ ಹೊರದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವಾಗ ನಡುವೆ ಒಂದು ಹೊರದೇಶದ ಬಂದರನ್ನು ಮುಟ್ಟಲೇಬೇಕು, 1886ರ ಕಾನೂನಿನಿಂದ ಬಂದ ಕಟ್ಟಳೆ ಇದು. ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಯಾನಗಳು ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆಯ ಕೆಲವು ಗಂಟೆ ನಿಲ್ಲುವುದು ಇದಕ್ಕೇ. ಊರಿನಿಂದ ಬಂದ ಅಪ್ಪ-ಅಮ್ಮನನ್ನು ಅಲಾಸ್ಕಾಕ್ಕೆ ಕರೆದೊಯ್ಯುವ ಅಮೆರಿಕದ ಕನ್ನಡಿಗರು ಅವರಿಗೆ ಕೆನಡಾ ವೀಸಾ ಮಾಡಿಸಿರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ. ಅಮೆರಿಕದ ಕೆಲಸದ ವೀಸಾ ಆದ ಎಚ್-1ಬಿ ಸ್ಟ್ಯಾಂಪಿನ ಅವಧಿ ಮುಗಿದವರಿಗೆ ಕೆನಡಾ, ಮೆಕ್ಸಿಕೊಗಳಿಗೆ 30 ದಿನದೊಳಗೆ ಹೋಗಿಬರಲು ಇರುವ ರಿಯಾಯಿತಿ ಬಹಾಮಾಸ್, ಜಮೈಕಾಗಳಿಗೆ ಅನ್ವಯಿಸುವುದಿಲ್ಲ. ವಕೀಲರನ್ನು ಕೇಳದೆ ಕೆರಿಬಿಯನ್ ಟಿಕೆಟ್ ಮಾಡಬೇಡಿ. ಮೆಡಿಟರೇನಿಯನ್‌ನಲ್ಲಿ ಟರ್ಕಿಯ ಕುಶಾದಸಿ, ಮಾಂಟೆನೆಗ್ರೊದ ಕೊಟೊರ್ ಷೆಂಗನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಹೊರಗಿವೆ; ಅಲ್ಲಿ ಮುಟ್ಟಿ ಬರುವ ಯಾನಕ್ಕೆ ಹಲವು ಬಾರಿ ಪ್ರವೇಶಿಸಬಹುದಾದ ಷೆಂಗನ್ ವೀಸಾ ಬೇಕು, ಒಂದೇ ಬಾರಿಯದ್ದಾದರೆ ಹಡಗು ಹತ್ತಲು ಬಿಡುವುದಿಲ್ಲ.

ನಮ್ಮ ಕರಾವಳಿಗೊಂದು ದಾರಿ

ಭಾರತದಿಂದಲೇ ಹೊರಡುವವರಿಗೆ ಸದ್ಯ ಹೆಚ್ಚು ಪರಿಚಿತ ಹಡಗು ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್. 1990ರಲ್ಲಿ ಕಟ್ಟಿದ್ದು, 48,563 ಟನ್. ಮುಂದೆ ಬರುವ ಹಡಗುಗಳಿಗೆ ನಾವು ಕೇಳಬೇಕಾದ ದಾರಿಯೊಂದನ್ನು ಯಾರು ಬೇಕಾದರೂ ಅಟ್ಲಾಸ್ ಹಿಡಿದು ಲೆಕ್ಕ ಹಾಕಬಹುದು. ಅಕ್ಷಾಂಶದ ಒಂದು ನಿಮಿಷ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ಗಂಟೆಗೆ ಒಂದು ನಾಟಿಕಲ್ ಮೈಲು ಸಾಗಿದರೆ ಒಂದು ನಾಟ್ ವೇಗ.

ಮುಂಬೈಯಿಂದ ಗೋವಾದ ಬಂದರು ಮರ್ಮಗೋವಾ ಸುಮಾರು 225 ನಾಟಿಕಲ್ ಮೈಲು, ಅಲ್ಲಿಂದ ನವಮಂಗಳೂರು 165, ಅಲ್ಲಿಂದ ಕೊಚ್ಚಿ 200, ಕೊಚ್ಚಿಯಿಂದ ಲಕ್ಷದ್ವೀಪದ ಕವರಟ್ಟಿ 220, ಕವರಟ್ಟಿಯಿಂದ ಮುಂಬೈ 500. ಆರು ರಾತ್ರಿಗೆ ಹೀಗೆ ಹೊಂದಿಸಬಹುದು: ಮೊದಲ ದಿನ ಸಂಜೆ 5ಕ್ಕೆ ಮುಂಬೈ ಬಿಟ್ಟು, ಎರಡನೆಯ ದಿನ 9ಕ್ಕೆ ಗೋವಾ. ಸಂಜೆ 7ಕ್ಕೆ ಹೊರಟು ಮೂರನೆಯ ದಿನ 8ಕ್ಕೆ ನವಮಂಗಳೂರು. 6ಕ್ಕೆ ಹೊರಟು ನಾಲ್ಕನೆಯ ದಿನ 9ಕ್ಕೆ ಕೊಚ್ಚಿ. 5ಕ್ಕೆ ಹೊರಟು ಐದನೆಯ ದಿನ 8ಕ್ಕೆ ಕವರಟ್ಟಿ. ಸಂಜೆ 4ಕ್ಕೆ ಲಂಗರು ಎತ್ತಿ, ಆರನೆಯ ದಿನವಿಡೀ ಕಡಲಲ್ಲಿದ್ದು, ಏಳನೆಯ ದಿನ ಬೆಳಿಗ್ಗೆ 8ಕ್ಕೆ ಮುಂಬೈ. ಬಂದರಿನ ಒಳಹೊರಗಿನ ನಿಧಾನಗತಿಗೆ ಪ್ರತಿ ಹಂತದಲ್ಲೂ ಒಂದೂವರೆ ಗಂಟೆ ಕಳೆದರೂ ವೇಗ 13ರಿಂದ 16 ನಾಟ್ ಆಸುಪಾಸಿನಲ್ಲೇ ಉಳಿಯುತ್ತದೆ. 18 ನಾಟ್ ಓಡಬಲ್ಲ ಹಡಗು ತಡವಾದರೂ ಹಾದಿಯಲ್ಲಿ ಸರಿದೂಗಿಸಿಕೊಳ್ಳುತ್ತದೆ. ಕೊನೆಯ ಹಂತ ಬಿಟ್ಟರೆ ಪ್ರಯಾಣದ ಬಹುಪಾಲು ಮಕ್ಕಳು ಮಲಗಿದ ಹೊತ್ತಿನಲ್ಲೇ ನಡೆಯುತ್ತದೆ ಎಂಬುದು ಈ ದಾರಿಯ ದೊಡ್ಡ ಗುಣ. ರದ್ದಾಗುವ ಸಂಭವ ಹೆಚ್ಚಿರುವ ಕವರಟ್ಟಿಯನ್ನು ಕೊನೆಗಿಟ್ಟದ್ದೂ ಬೇಕೆಂದೇ. ಅಲೆಯೆದ್ದು ಅದು ತಪ್ಪಿದರೂ ಉಳಿದ ಬಂದರುಗಳ ವೇಳೆ ಕೆಡುವುದಿಲ್ಲ.

ನವಮಂಗಳೂರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್‌ಗಳು ಬಂದು ಹೋಗುತ್ತವೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್‌ಗಳನ್ನು ತೋರಿಸುತ್ತಾರೆ. ಮಕ್ಕಳಿರುವ ಮನೆಯವರಿಗೆ ಬಂದರಿನ ಮಗ್ಗುಲಲ್ಲೇ ಇರುವ ಪಣಂಬೂರು ಕಡಲತೀರ, ಜೊತೆಗೆ ಪಿಲಿಕುಳ ನಿಸರ್ಗಧಾಮ ಸಾಕು. ಮೂಡುಬಿದಿರೆಗೆ ಒಂದು ಗಂಟೆಯ ಮೇಲೆ ದಾರಿ, ದೊಡ್ಡವರು ಬೇರೆಯಾಗಿ ಹೋಗಿಬರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಈ ದಾರಿ ಸಲ್ಲದು. ದಸರಾ ರಜೆಗೆ ಯೋಚಿಸುವವರು ಅದು ಅಕ್ಟೋಬರ್ ಎರಡನೆಯ ವಾರದ ನಂತರ ಬಂದರೆ ನೋಡಿ, ಇಲ್ಲವಾದರೆ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಎಂಪ್ರೆಸ್ ಪೂರ್ವ ಕರಾವಳಿಗೆ ಹೋಗಿ ಚೆನ್ನೈಯಿಂದ ಶ್ರೀಲಂಕಾ ಯಾನ ಮಾಡಿದ್ದುಂಟು. ಅದಕ್ಕೆ ಪಾಸ್‌ಪೋರ್ಟ್ ಬೇಕು, ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಐದೇ ವರ್ಷ ಆಯಸ್ಸು, ಆದ್ದರಿಂದ ದುಡ್ಡು ಕಟ್ಟುವ ಮೊದಲು ಅವರದ್ದನ್ನೇ ಮೊದಲು ತೆರೆದು ತಾರೀಖು ನೋಡಿ.