ಹೆಸರು ಆಮೇಲೆ, ಕೆಲಸ ಮೊದಲು: ಶಾಲೆಯಲ್ಲಿ ನೆರವಿನ ಕ್ಲಬ್ ಕಟ್ಟುವ ಬಗೆ

ಕಷ್ಟದಲ್ಲಿರುವ ಮಕ್ಕಳಿಗೆ ನೆರವಾಗಲು ಕ್ಲಬ್ ಮಾಡೋಣ ಎಂದು ನಾಲ್ಕು ಜನ ಸೇರಿದರೆ ಮೊದಲ ದಿನ ಹೆಸರಿನ ಚರ್ಚೆ, ಎರಡನೇ ದಿನ ಲೋಗೋ, ಮೂರನೇ ದಿನ ಟೀ ಶರ್ಟಿನ ಬಣ್ಣ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ಚಟ ದೊಡ್ಡವರ ಸಂಘಗಳಿಗೂ ಇದೆ, ಬಿಡಿ. ನೀವು ಇನ್ನೊಂದು ತುದಿಯಿಂದ ಶುರುಮಾಡಿ.

ಮೊದಲು ಕೇಳಿ

ಮಕ್ಕಳಿಗೆ ಏನು ಬೇಕು ಎಂದು ಊಹಿಸಬೇಡಿ. ತರಗತಿ ಶಿಕ್ಷಕರು, ಗ್ರಂಥಾಲಯ ನೋಡಿಕೊಳ್ಳುವವರು, ಆಪ್ತಸಮಾಲೋಚಕರು ಇವರಿಗೆ ಬಹಳಷ್ಟು ಗೊತ್ತಿರುತ್ತದೆ. ಅವರ ಹತ್ತಿರ ಮಕ್ಕಳ ಹೆಸರು ಕೇಳಬೇಡಿ, ಕೊರತೆ ಏನೆಂದು ಕೇಳಿ. ನೀವು ಕಷ್ಟಪಟ್ಟು ನಲವತ್ತು ಸ್ಕೂಲ್ ಬ್ಯಾಗು ಕೂಡಿಸಿರುತ್ತೀರಿ. ಒಂದು ಮಗುವಿಗೆ ಬೋರ್ಡಿನ ಮೇಲಿನ ಅಕ್ಷರವೇ ಕಾಣದೆ ಕನ್ನಡಕ ಬೇಕಾಗಿರುತ್ತದೆ. ಇನ್ನೊಂದು ಮಗುವಿಗೆ ಬೇಕಾದದ್ದು ವಸ್ತುವೇ ಅಲ್ಲ, ಪಕ್ಕದಲ್ಲಿ ಕೂತು ದಿನಾ ಅರ್ಧ ಗಂಟೆ ಓದಿಸುವ ಒಬ್ಬ ಅಣ್ಣ ಅಥವಾ ಅಕ್ಕ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಕ್ಕಳಿಗಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಕೊಡುವ ಮುಂಚೆ ಅವರನ್ನೂ ಕೇಳಿ.

ಕೇಳಿದ್ದರಲ್ಲಿ ಒಂದನ್ನೇ ಆರಿಸಿ, ಒಂದೇ ಒಂದು.

ಒಪ್ಪಿಗೆ ಪಡೆಯಿರಿ

ಜೊತೆಗೆ ನಿಲ್ಲುವ ಒಬ್ಬ ಶಿಕ್ಷಕರನ್ನು ಹುಡುಕಿ. ಏನು ಮಾಡುತ್ತೀರಿ, ಯಾವಾಗ, ದುಡ್ಡು ಯಾರ ಹತ್ತಿರ ಇರುತ್ತದೆ ಎಂಬುದನ್ನು ಒಂದೇ ಪುಟದಲ್ಲಿ ಬರೆದು ಮುಖ್ಯಶಿಕ್ಷಕರಿಗೆ ಕೊಡಿ. ಎರಡು ಪುಟವಾದರೆ ಅದು ಮೇಜಿನ ಮೇಲೇ ಉಳಿಯುತ್ತದೆ.

ತಂಡ ಚಿಕ್ಕದಿರಲಿ

ಐದಾರು ಜನ ಸಾಕು. 1995ರಲ್ಲಿ ಕೆನಡಾದ ಕ್ರೇಗ್ ಕೀಲ್‌ಬರ್ಗರ್ ಎಂಬ 12 ವರ್ಷದ ಹುಡುಗ, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಮಾತಾಡಿದ್ದ ಪಾಕಿಸ್ತಾನದ ಇಕ್ಬಾಲ್ ಮಸೀಹ್‌ನ ಕೊಲೆಯ ಸುದ್ದಿ ಓದಿ, ಸಹಪಾಠಿಗಳನ್ನು ಸೇರಿಸಿಕೊಂಡು ಗುಂಪು ಕಟ್ಟಿದ. ಅವರ ಮೊದಮೊದಲ ಕೆಲಸಗಳಲ್ಲೊಂದು, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದು ಬಂಧನದಲ್ಲಿದ್ದ ಭಾರತದ ಕೈಲಾಶ್ ಸತ್ಯಾರ್ಥಿಯವರನ್ನು ಬಿಡಬೇಕೆಂದು ಭಾರತದ ಪ್ರಧಾನಿಗೆ 3,000 ಸಹಿ ಸಂಗ್ರಹಿಸಿ ಕಳಿಸಿದ್ದು. ಅದಕ್ಕೆ ಬೇಕಾದದ್ದು ಕಾಗದ, ಪೆನ್ನು, ಓಡಾಟ. ದುಡ್ಡಿಲ್ಲದೆಯೂ ಶುರುಮಾಡಬಹುದು ಎನ್ನುವುದಕ್ಕೆ ಇಷ್ಟು ಸಾಕು. ರೋಟರಿಯ ಆಶ್ರಯದಲ್ಲಿ 1962ರಲ್ಲಿ ಫ್ಲಾರಿಡಾದ ಒಂದು ಹೈಸ್ಕೂಲಿನಲ್ಲಿ ಆರಂಭವಾದ ಇಂಟರ್‍ಯಾಕ್ಟ್ ಕ್ಲಬ್‌ಗಳು ಕೂಡ ತಮ್ಮ 12ರಿಂದ 18 ವರ್ಷದ ಸದಸ್ಯರಿಂದ ಕೇಳುವುದು ವರ್ಷಕ್ಕೆ ಕನಿಷ್ಠ ಎರಡು ಕೆಲಸ. ವಾರಕ್ಕೊಂದು ಕಾರ್ಯಕ್ರಮ ಹಾಕಿಕೊಂಡರೆ ಪರೀಕ್ಷೆ ಬರುವ ಹೊತ್ತಿಗೆ ಆರಂಭಶೂರತ್ವ ಬಯಲಾಗುತ್ತದೆ.

ದುಡ್ಡು ಮುಟ್ಟಿದರೆ ಲೆಕ್ಕ

ಡಬ್ಬಿ ತೆರೆಯುವಾಗ ಇಬ್ಬರು ಎಣಿಸಬೇಕು, ಶಿಕ್ಷಕರು ಎದುರಿಗಿರಬೇಕು. ಕೊಟ್ಟವರಿಗೆ ರಸೀದಿ ಕೊಡಿ, ಅಂದಿನ ಲೆಕ್ಕ ಅಂದೇ ಪುಸ್ತಕಕ್ಕೆ ಏರಿಸಿ. ಯಾರೊಬ್ಬರ ಸ್ವಂತ ಖಾತೆಗೂ ಹಣ ಹಾಕಿಸಬೇಡಿ, ಅವರು ಎಷ್ಟೇ ಆಪ್ತ ಗೆಳೆಯರಾಗಿರಲಿ. ಹಳೇ ಬಟ್ಟೆ, ಪುಸ್ತಕ ಕೂಡಿಸುವುದಾದರೆ ಒಂದು ಮಾತು: ನಿಮ್ಮ ತಮ್ಮ ಅಥವಾ ತಂಗಿಗೆ ಕೊಡಲು ಮನಸ್ಸಾಗದ್ದನ್ನು ತೆಗೆದುಕೊಳ್ಳಬೇಡಿ. ಗುಂಡಿ ಕಿತ್ತ ಅಂಗಿಯ ರಾಶಿ ವಿಂಗಡಿಸುವುದರಲ್ಲೇ ವಾರ ಕಳೆಯುತ್ತದೆ.

ಕೊಡುವಾಗ ಕ್ಯಾಮೆರಾ ಒಳಗಿಡಿ

ಎಡವುವುದು ಇಲ್ಲೇ. ವೇದಿಕೆಗೆ ಕರೆದು, ಕೈಗೆ ನೋಟ್‌ಬುಕ್ಕು ಕೊಟ್ಟು, ಫೋಟೋ ತೆಗೆಸಿ ಗ್ರೂಪಿಗೆ ಹಾಕಿದರೆ ಆ ಮಗು ಮರುದಿನ ತರಗತಿಯಲ್ಲಿ ತಲೆ ತಗ್ಗಿಸಿ ಕೂರುತ್ತದೆ. ಮಕ್ಕಳ ಖಾಸಗಿತನವೂ ಅದೇ ಒಡಂಬಡಿಕೆಯಲ್ಲಿದೆ, 16ನೇ ವಿಧಿ. ವಸ್ತುವನ್ನು ಶಿಕ್ಷಕರ ಕೈಗೆ ಕೊಟ್ಟುಬಿಡಿ, ಅವರು ಸದ್ದಿಲ್ಲದೆ ತಲುಪಿಸುತ್ತಾರೆ. ಯಾರಿಗೆ ಹೋಯಿತು ಎಂಬುದು ನಿಮಗೂ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಫೋಟೋ ಬೇಕೇ ಬೇಕೆಂದರೆ ಜೋಡಿಸಿಟ್ಟ ಪುಸ್ತಕಗಳದ್ದು ತೆಗೆಯಿರಿ.

ಶಾಲೆಯ ಹೊರಗಿನ ಮಕ್ಕಳಿಗಾದರೆ, ಅವರ ನಡುವೆ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಯ ಮೂಲಕವೇ ಹೋಗಿ. ದೊಡ್ಡವರೊಬ್ಬರು ಜೊತೆಗಿರಲಿ. ಪಾಠ ಹೇಳಿಕೊಡುವ ಮಾತು ಕೊಟ್ಟಿದ್ದರೆ ತಪ್ಪಿಸಬೇಡಿ. ಎರಡು ಸಲ ಬಂದು ಮಾಯವಾಗುವುದಕ್ಕಿಂತ ಹೋಗದಿರುವುದೇ ಮೇಲು.

ಬಿಟ್ಟುಹೋಗುವ ಮುಂಚೆ

ಕೊನೇ ತರಗತಿಯವರು ಹೋದಕೂಡಲೇ ಬಹಳಷ್ಟು ಕ್ಲಬ್‌ಗಳು ಮುಚ್ಚುತ್ತವೆ. ಹಾಗಾಗಿ ಮೊದಲ ದಿನದಿಂದಲೇ ಕಿರಿಯ ತರಗತಿಯ ಇಬ್ಬರು ಜೊತೆಗಿರಲಿ, ನಡಾವಳಿ ಪುಸ್ತಕ ಬರೆಯುವ ಕೆಲಸ ಅವರಿಗೇ ಕೊಡಿ. ವರ್ಷದ ಕೊನೆಗೆ ಲೆಕ್ಕಪುಸ್ತಕದ ಜೊತೆ ಎರಡು ಪುಟ ಬರೆದಿಟ್ಟು ಹೋಗಿ: ಯಾವುದು ಕೈಗೂಡಿತು, ಯಾವುದು ಕೈಕೊಟ್ಟಿತು, ಯಾವ ಮೇಷ್ಟ್ರನ್ನು ಯಾವ ಹೊತ್ತಿಗೆ ಕೇಳಿದರೆ ಒಪ್ಪುತ್ತಾರೆ.