ನೋವು ನಿವಾರಣೆ, ಕೊನೆಗಾಲದ ಆರೈಕೆ ಮತ್ತು ಕಾನೂನು: ಮಲೆನಾಡಿನ ವೈದ್ಯರಿಗೊಂದು ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದಂಥ ಊರುಗಳಲ್ಲಿ ವೃತ್ತಿ ನಡೆಸುವ ವೈದ್ಯರಿಗೆ ಈ ಬಗೆಯ ರೋಗಿಗಳು ಹೊಸಬರಲ್ಲ. ಹೊಗೆಸೊಪ್ಪು ಹಾಕಿದ ಎಲೆಅಡಿಕೆಯ ಅಭ್ಯಾಸದಿಂದ ಬಾಯಿಯ ಕ್ಯಾನ್ಸರಿಗೆ ತುತ್ತಾಗಿ, ಮಣಿಪಾಲದಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಚಿಕಿತ್ಸೆ ಪಡೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂಬ ಮಾತಿನೊಂದಿಗೆ ಮರಳಿದವರು ಅವರು. ಅವರ ಉಳಿದ ದಿನಗಳ ನೋವು ಸ್ಥಳೀಯ ವೈದ್ಯರ ಹೊಣೆಯಾಗುತ್ತದೆ. ಆ ಹೊಣೆಯನ್ನು ಹೊರಲು ಹಲವರು ಅಂಜುತ್ತಾರೆ. ಅಫೀಮಿನಿಂದ ಬರುವ ಬಲವಾದ ನೋವು ನಿವಾರಕ ಮಾರ್ಫಿನ್ ಬರೆದರೆ ಪೊಲೀಸರು ಬರುತ್ತಾರೆ, ವೆಂಟಿಲೇಟರ್ ನಿಲ್ಲಿಸಿದರೆ ಕೊಲೆ ಮೊಕದ್ದಮೆ ಬೀಳುತ್ತದೆ ಎಂಬ ಭಯ ಅವರದು. ಕಾನೂನಿನ ಅಪಾಯ ಇರುವುದು ನಿಜ. ಆದರೆ ಅದು ಔಷಧ ಕೊಟ್ಟದ್ದರಿಂದ ಬರುವುದಕ್ಕಿಂತ, ಏಕೆ ಕೊಟ್ಟೆವು, ಯಾರೊಡನೆ ಮಾತಾಡಿ ತೀರ್ಮಾನಿಸಿದೆವು ಎಂಬುದನ್ನು ಆ ಹೊತ್ತಿನಲ್ಲೇ ಬರೆದಿಡದ್ದರಿಂದ ಬರುವುದೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮಾರ್ಫಿನ್ನಿನ ವಿಷಯ. 1985ರ ಮಾದಕ ದ್ರವ್ಯ ಮತ್ತು ಮನೋದ್ದೀಪಕ ವಸ್ತುಗಳ ಕಾಯ್ದೆಯ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ, 8ನೆಯ ಕಲಮು ಇಂಥ ವಸ್ತುಗಳನ್ನು ನಿಷೇಧಿಸುವಾಗಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಯನ್ನು ಅದರಿಂದ ಹೊರಗಿರಿಸಿದೆ. 2014ರ ತಿದ್ದುಪಡಿಯ ನಂತರ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್ ಮತ್ತು ಹೈಡ್ರೋಕೋಡೋನ್ ಎಂಬ ಆರು ಔಷಧಗಳನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಗುರುತಿಸಿ, ಅವುಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಒಂದೇ ನಿಯಮಾವಳಿಯನ್ನು ತರಲಾಯಿತು. ಅದರ ಪ್ರಕಾರ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಯು ಇವುಗಳನ್ನು ತರಿಸಿ, ದಾಸ್ತಾನಿಟ್ಟು, ರೋಗಿಗಳಿಗೆ ಕೊಡಬಹುದು. ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯಲ್ಲಿ, ಅಂದರೆ ರೋಗಿಯ ನರಳಾಟ ತಗ್ಗಿಸುವ ಆರೈಕೆಯಲ್ಲಿ, ತರಬೇತಿ ಪಡೆದ ವೈದ್ಯರೊಬ್ಬರು ಅಲ್ಲಿರಬೇಕು. ಬಂದ, ಕೊಟ್ಟ, ಉಳಿದ ಪ್ರಮಾಣದ ಲೆಕ್ಕ ದಿನದಿನವೂ ದಾಖಲಾಗಬೇಕು. ವರ್ಷದ ಅಂದಾಜು ಬೇಡಿಕೆಯನ್ನೂ ಬಳಕೆಯ ವರದಿಯನ್ನೂ ಸಲ್ಲಿಸಬೇಕು. ನಿಮ್ಮ ಆಸ್ಪತ್ರೆಗೆ ಈ ಮಾನ್ಯತೆ ಇದೆಯೇ ಎಂದು ಇಂದೇ ವಿಚಾರಿಸಿ. ಇಲ್ಲವಾದರೆ ಅರ್ಜಿ ಹಾಕಿ. ಅಲ್ಲಿಯವರೆಗೆ ಮಾರ್ಫಿನ್ ದಾಸ್ತಾನಿಡದೆ, ಮಾನ್ಯತೆ ಇರುವ ಸಮೀಪದ ಸಂಸ್ಥೆಗೆ ರೋಗಿಯನ್ನು ಸ್ಪಷ್ಟವಾದ ಪತ್ರದೊಂದಿಗೆ ಕಳಿಸಿ. ಟ್ರಮಡಾಲ್ ಎಂಬ ನೋವಿನ ಔಷಧವೂ 2018ರಿಂದ ಎನ್‌ಡಿಪಿಎಸ್ ವ್ಯಾಪ್ತಿಗೆ ಬಂದಿದೆ ಎಂಬುದನ್ನು ಮರೆಯದೆ, ಅದರ ಚೀಟಿಯನ್ನೂ ಅಷ್ಟೇ ಎಚ್ಚರದಿಂದ ಬರೆಯಿರಿ.

ಚೀಟಿಗಿಂತ ಮುಖ್ಯವಾದದ್ದು ಕೇಸ್ ಶೀಟ್. ಮುಂದೆ ಯಾರಾದರೂ ಪ್ರಶ್ನಿಸಿದರೆ ಪರೀಕ್ಷೆಗೊಳಗಾಗುವುದು ಒಂದೇ ಸಂಗತಿ: ಕೊಟ್ಟ ಪ್ರಮಾಣವು ಆಗ ಇದ್ದ ನೋವಿಗೆ ತಕ್ಕದಾಗಿತ್ತೇ? ‘ರಾತ್ರಿ 10 ಗಂಟೆ. ನೋವು 10ರಲ್ಲಿ 8. ನಾಲ್ಕು ಗಂಟೆಗೊಮ್ಮೆ ಕೊಡುತ್ತಿದ್ದ 5 ಮಿ.ಗ್ರಾಂ. ಮಾರ್ಫಿನ್ ಸಾಲುತ್ತಿಲ್ಲ. ರೋಗಿ ಎಚ್ಚರವಾಗಿದ್ದಾರೆ, ಉಸಿರಾಟ ನಿಮಿಷಕ್ಕೆ 16. ಪ್ರಮಾಣವನ್ನು 10 ಮಿ.ಗ್ರಾಂ.ಗೆ ಏರಿಸಲಾಗಿದೆ. ಮಗಳಿಗೆ ವಿವರಿಸಲಾಗಿದೆ’ ಎಂಬಂಥ ಕೆಲವು ಸಾಲುಗಳು ಯಾವ ವಕೀಲರ ವಾದಕ್ಕಿಂತಲೂ ಗಟ್ಟಿಯಾದ ಆಧಾರ. ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್ನಿನ ಅಂಶಗಳು ದೇಹದಲ್ಲಿ ಉಳಿದು ಮಂಪರು ಹೆಚ್ಚಾಗುವುದರಿಂದ, ಮೂತ್ರಪಿಂಡದ ಪರೀಕ್ಷೆಯ ಫಲಿತಾಂಶವನ್ನೂ ಅದಕ್ಕಾಗಿ ಮಾಡಿಕೊಂಡ ಬದಲಾವಣೆಯನ್ನೂ ಬರೆಯಿರಿ. ಮಲಬದ್ಧತೆಗೆ ಔಷಧ ಕೊಟ್ಟದ್ದನ್ನೂ ಬರೆಯಿರಿ. ನೋವಿನ ಚಿಕಿತ್ಸೆಯನ್ನು ಬಲ್ಲವರು ಮಾಡಿದ ಕೆಲಸ ಇದು ಎಂಬುದಕ್ಕೆ ಅದೂ ಸಾಕ್ಷಿ. ನೋವಿಗೆ ಅನುಗುಣವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಪ್ರಮಾಣವನ್ನು ಸಮರ್ಥಿಸುವುದು ಸುಲಭ. ಕಾರಣವೇ ಕಾಣದೆ ಕೊನೆಯ ದಿನ ಒಮ್ಮೆಲೇ ಹಲವು ಪಟ್ಟು ಏರಿದ ಪ್ರಮಾಣವನ್ನು ಸಮರ್ಥಿಸುವುದು ಬಹಳ ಕಷ್ಟ. ಸಾವನ್ನು ಉಂಟುಮಾಡುವ ಉದ್ದೇಶವಿಲ್ಲದೆ, ರೋಗಿಯ ಒಳಿತಿಗಾಗಿ, ಅವರ ಒಪ್ಪಿಗೆಯೊಂದಿಗೆ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 26ನೆಯ ಕಲಮು ರಕ್ಷಣೆ ಕೊಡುತ್ತದೆ. ಒಪ್ಪಿಗೆ ಪಡೆಯಲಾಗದ ಸ್ಥಿತಿಗೆ 30ನೆಯ ಕಲಮು ಇದೆ. ಆ ಸದ್ಭಾವನೆಗೆ ಪುರಾವೆ ನಿಮ್ಮ ಬರಹವೇ.

ಮಳೆಗಾಲದಲ್ಲಿ ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಹೊಳೆ ತುಂಬಿ, ಧರೆ ಕುಸಿದು ದಾರಿ ಕಟ್ಟಿದಾಗ ಮನೆಯವರು ಫೋನಿನಲ್ಲೇ ಔಷಧ ಕೇಳುತ್ತಾರೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯು ಎನ್‌ಡಿಪಿಎಸ್ ಪಟ್ಟಿಯ ಔಷಧಗಳನ್ನು ದೂರದಿಂದ ಬರೆಯುವುದನ್ನು ನಿಷೇಧಿಸಿರುವುದರಿಂದ, ವಾಟ್ಸಾಪಿನಲ್ಲಿ ಮಾರ್ಫಿನ್ ಚೀಟಿ ಕಳಿಸುವುದು ಸಲ್ಲದು. ಆದ್ದರಿಂದ ಮಳೆ ಹಿಡಿಯುವ ಮುನ್ನವೇ ರೋಗಿಯನ್ನು ನೋಡಿ, ದಾರಿಯ ಸ್ಥಿತಿಯನ್ನು ಕಾರಣವಾಗಿ ನಮೂದಿಸಿ, ಸಾಕಾಗುವಷ್ಟು ಮಾತ್ರೆಗಳನ್ನು ಕೊಡಿ. ನಡುವೆ ನೋವು ಉಕ್ಕಿದರೆ ತೆಗೆದುಕೊಳ್ಳಬೇಕಾದ ಹೆಚ್ಚುವರಿ ಪ್ರಮಾಣವನ್ನು ಕನ್ನಡದಲ್ಲಿ ಬರೆದುಕೊಡಿ. ಮಾತ್ರೆಗಳನ್ನು ಬೀಗ ಹಾಕಿ ಇಡುವ ಒಬ್ಬರ ಹೆಸರನ್ನು ಗುರುತು ಮಾಡಿಕೊಳ್ಳಿ.

ಒಪ್ಪಿಗೆಯ ವಿಷಯದಲ್ಲಿ ನಾವು ಹೆಚ್ಚು ಎಡವುತ್ತೇವೆ. ‘ಅಪ್ಪಯ್ಯನಿಗೆ ಏನೂ ಹೇಳಬೇಡಿ ಡಾಕ್ಟ್ರೇ’ ಎಂದು ಮಕ್ಕಳು ಬಾಗಿಲಲ್ಲೇ ತಡೆಯುವುದು ಇಲ್ಲಿ ಸಾಮಾನ್ಯ, ಅದರ ಹಿಂದಿನ ಪ್ರೀತಿಯೂ ನಿಜವೇ. ಆದರೆ ಅರಿವು ಸ್ಪಷ್ಟವಾಗಿರುವ ವಯಸ್ಕ ರೋಗಿಯ ಒಪ್ಪಿಗೆಗೆ ಮಕ್ಕಳ ಸಹಿ ಬದಲಿಯಾಗದು. ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಎಷ್ಟು ತಿಳಿಯಲು ಇಷ್ಟ, ಯಾರ ಎದುರು ಮಾತಾಡಬೇಕು ಎಂದು ರೋಗಿಯನ್ನೇ ಕೇಳಿ. ‘ನಂಗೆ ಹೇಳೋದು ಬೇಡ, ಮಗನ ಹತ್ರ ಮಾತಾಡಿ’ ಎಂದು ಅವರೇ ಅಂದರೆ, ಆ ಮಾತನ್ನು ಅದೇ ಪದಗಳಲ್ಲಿ ದಾಖಲಿಸಿ.

ನಿರ್ಲಕ್ಷ್ಯದ ಆರೋಪದ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯ ಬೇಕೆಂದೂ, ತನಿಖಾಧಿಕಾರಿಯು ಮುಂದುವರಿಯುವ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕೆಂದೂ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ಗ್ರಾಹಕ ಆಯೋಗದ ದಾರಿ ಬೇರೆಯೇ ಇದೆ, ಅಲ್ಲಿಯೂ ಮಾತಾಡುವುದು ದಾಖಲೆಯೇ.

ಇನ್ನು ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಪ್ರಶ್ನೆ. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು, ರೋಗಿ ಕೈಮುಗಿದು ಬೇಡಿಕೊಂಡಿದ್ದರೂ, ನಮ್ಮ ದೇಶದಲ್ಲಿ ಅಪರಾಧ. ಅದರಲ್ಲಿ ಎಳ್ಳಷ್ಟೂ ಗೊಂದಲ ಬೇಡ. ಅರಿವುಳ್ಳ ರೋಗಿಯೇ ಚಿಕಿತ್ಸೆ ಬೇಡವೆಂದರೆ ಅದು ಅವರ ಹಕ್ಕು. ಅರಿವಿಲ್ಲದ, ಗುಣವಾಗುವ ಆಸೆಯಿಲ್ಲದ ರೋಗಿಯ ವಿಷಯದಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ 2018ರ ಮಾರ್ಚ್ 9ರ ತೀರ್ಪು, 2023ರ ಜನವರಿಯಲ್ಲಿ ಸರಳಗೊಂಡ ರೂಪದಲ್ಲಿ, ದಾರಿ ತೋರಿಸುತ್ತದೆ. ಚಿಕಿತ್ಸೆ ನಿಲ್ಲಿಸಬಹುದೇ ಎಂಬುದನ್ನು ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಬೇಕು. ಮೊದಲ ಮಂಡಳಿಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರ ಜೊತೆಗೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವದ ಇಬ್ಬರು ವಿಷಯ ತಜ್ಞರಾದರೂ ಇರಬೇಕು. ಅವರು ಒಪ್ಪಿದ ಮೇಲೆ ಆಸ್ಪತ್ರೆಯು ಎರಡನೆಯ ಮಂಡಳಿಯನ್ನು ರಚಿಸಬೇಕು. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರೂ, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರೂ ಇರುತ್ತಾರೆ. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಹತ್ತಿರದ ಬಂಧುಗಳ ಒಪ್ಪಿಗೆ ಪಡೆದು, ಚಿಕಿತ್ಸೆ ನಿಲ್ಲಿಸುವ ಮುನ್ನ ವ್ಯಾಪ್ತಿಯ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗೆ ತಿಳಿಸಬೇಕು. ಮಂಡಳಿಗಳು ಒಪ್ಪದಿದ್ದರೆ ಹೈಕೋರ್ಟಿನ ಬಾಗಿಲು ತೆರೆದಿದೆ. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿದೆ. ಇಷ್ಟು ತಜ್ಞರು ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಸಿಗುವುದು ಕಷ್ಟ. ಆಗ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯನ್ನು ಬೇಗನೆ ಸಂಪರ್ಕಿಸಿ, ಅಗತ್ಯವಾದರೆ ರೋಗಿಯನ್ನು ಶಿವಮೊಗ್ಗಕ್ಕೆ ವರ್ಗಾಯಿಸಿ. ಅರಿವು ತಪ್ಪಿದರೆ ಯಾವ ಚಿಕಿತ್ಸೆ ಬೇಡ ಎಂದು ರೋಗಿಗಳು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಅರಿವು ಚೆನ್ನಾಗಿರುವಾಗಲೇ ಈ ಮಾತೆತ್ತುವುದು ವೈದ್ಯರ ಕರ್ತವ್ಯವೆಂದೇ ನಾನು ನಂಬುತ್ತೇನೆ.

ಈ ಕ್ರಮ ದೀರ್ಘವೆಂದು ‘ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ’ ಎಂದು ಬರೆದು ಕಳಿಸಿಬಿಡುವ ರೂಢಿ ಬೆಳೆದಿದೆ. ಸಾಲ ಮಾಡಿ ಸೋತ ಮನೆಯವರು, ಉಸಿರಿರುವಾಗಲೇ ಊರು ಮುಟ್ಟಿಸೋಣ ಎಂದು ಕೇಳಿಕೊಳ್ಳುತ್ತಾರೆ. ಆ ಕೋರಿಕೆಯಲ್ಲಿ ತಪ್ಪಿಲ್ಲ. ಆದರೆ ನೀವೂ ಒಪ್ಪಿದ ತೀರ್ಮಾನವನ್ನು ನಿಮ್ಮ ಸಲಹೆಗೆ ವಿರುದ್ಧವಾದದ್ದು ಎಂದು ಬರೆದರೆ ಅದು ಸುಳ್ಳು ದಾಖಲೆ, ಮುಂದೆ ನಿಮಗೇ ಮುಳುವು. ಅದಕ್ಕಿಂತ ಹೆಚ್ಚಾಗಿ, ಹಾಗೆ ಹೊರಟ ರೋಗಿ ಘಟ್ಟದ ದಾರಿಯಲ್ಲಿ ಮಾರ್ಫಿನ್ನೂ ಇಲ್ಲದೆ ಉಸಿರುಗಟ್ಟಿ ನರಳುತ್ತಾನೆ. ಇದನ್ನು ನಾನು ಸಹಿಸಲಾರೆ. ರೋಗದ ಸ್ಥಿತಿ, ಮನೆಯವರೊಡನೆ ನಡೆದ ಮಾತು, ಮನೆಯಲ್ಲಿ ಕೊಡಬೇಕಾದ ಔಷಧ, ಕರೆ ಮಾಡಬೇಕಾದ ಸಂಖ್ಯೆ ಇವನ್ನು ಬರೆದುಕೊಟ್ಟು ಕಳಿಸಿ. ವೆಂಟಿಲೇಟರ್ ಮೇಲಿರುವವರಿಗಾದರೆ ಮೇಲೆ ಹೇಳಿದ ಕ್ರಮವೇ ದಾರಿ.

ಮನೆಯಲ್ಲಿ ಸಾವು ಸಂಭವಿಸಿದಾಗ, ನೀವು ನೋಡಿಕೊಳ್ಳುತ್ತಿದ್ದ ರೋಗಿಯಾಗಿದ್ದು ಕಾರಣದಲ್ಲಿ ಅನುಮಾನವಿಲ್ಲದಿದ್ದರೆ, ಸಾವಿನ ಕಾರಣದ ಪ್ರಮಾಣಪತ್ರವನ್ನು ನಮೂನೆ 4ಎ ಯಲ್ಲಿ ಕೊಡಿ. ಆಸ್ಪತ್ರೆಯ ಸಾವಿಗೆ ನಮೂನೆ 4. ಹೃದಯ ನಿಂತಿತು ಎಂದಷ್ಟೇ ಬರೆಯದೆ, ಅದಕ್ಕೆ ಮೂಲವಾದ ಕ್ಯಾನ್ಸರನ್ನು ನಮೂದಿಸಿ. ವಿಷ, ಬಿದ್ದ ಗಾಯದಂಥ ಸಂದೇಹವಿದ್ದರೆ ಪ್ರಮಾಣಪತ್ರ ಕೊಡದೆ ಪೊಲೀಸರಿಗೆ ತಿಳಿಸಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಕೊಟ್ಟ ಸಂಸ್ಥೆಗೇ ಹಿಂತಿರುಗಿಸುವಂತೆ ಮನೆಯವರಿಗೆ ಹೇಳಿ, ಎಣಿಸಿ ಬರೆದುಕೊಳ್ಳಿ. 2002ರ ವೃತ್ತಿ ನಡತೆಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಡಬೇಕು, ರೋಗಿಯೋ ಅವರ ಅಧಿಕೃತ ಪ್ರತಿನಿಧಿಯೋ ಕಾನೂನು ಅಧಿಕಾರಿಗಳೋ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ದೂರು ಬಂದ ಮೇಲೆ ಕೇಸ್ ಶೀಟಿನಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ಬಿಟ್ಟುಹೋದದ್ದೇನಾದರೂ ಇದ್ದರೆ ಅಂದಿನ ದಿನಾಂಕ, ಸಮಯ ಹಾಕಿ ಹೊಸ ಟಿಪ್ಪಣಿಯಾಗಿಯೇ ಸೇರಿಸಿ.